ಎರಡನೇ ಪರಿಶೀಲಕರ ಹದಿಮೂರು ತಕರಾರು

ಇರುವೆ ಮೇಡಂ ಎಂದರೆ ಕಾಲೇಜಿನ ಹಿಂದಿನ ಗೋಡೆ, ಹಿಂದಿನ ಗೋಡೆ ಎಂದರೆ ಇರುವೆ ಮೇಡಂ. ಹನ್ನೊಂದು ವರ್ಷದಿಂದ ಊಟದ ಬಿಡುವಿನಲ್ಲಿ, ಹನ್ನೆರಡೂ ಮುಕ್ಕಾಲಿನಿಂದ ಒಂದೂವರೆಯವರೆಗೆ, ಒಂದು ಕುಂಟು ಸ್ಟೂಲು, ಒಂದು ಭೂತಗನ್ನಡಿ, ಒಂದು ಗೆರೆ ಹಾಕಿದ ನೋಟ್‌ಬುಕ್ಕು ಹಿಡಿದು ಆ ಗೋಡೆಯ ಬಿರುಕುಗಳ ಮುಂದೆ ಕೂತಿರುತ್ತಿದ್ದರು. ಹೊಸದಾಗಿ ಸೇರಿದ ವಿದ್ಯಾರ್ಥಿಗಳು ಮೊದಲ ವಾರ ನಗುತ್ತಿದ್ದರು, ಎರಡನೇ ವಾರದಿಂದ ದಾರಿ ಬಿಟ್ಟು ನಡೆಯುತ್ತಿದ್ದರು. ಗೋಡೆಯಲ್ಲಿ ನಲವತ್ತು ಗೂಡು, ಪ್ರತಿಯೊಂದರ ಪಕ್ಕ ಬಿಳಿ ಬಣ್ಣದಲ್ಲಿ ಒಂದೊಂದು ನಂಬರು.

ಈ ಹನ್ನೊಂದು ವರ್ಷದಲ್ಲಿ ಮೇಡಂ ಕಂಡುಕೊಂಡದ್ದು ಒಂದೇ ಒಂದು ಸಂಗತಿ. ಇರುವೆಗಳು ಒಂದು ಬಿರುಕು ಬಿಟ್ಟು ಇನ್ನೊಂದಕ್ಕೆ ವಾಸ ಬದಲಾಯಿಸುವ ಮುಂಚೆ ಕಸ ಹಾಕುವ ಜಾಗವನ್ನು ಬದಲಾಯಿಸುತ್ತವೆ. ಸತ್ತವುಗಳನ್ನು, ತಿಂದು ಉಳಿದ ಸಿಪ್ಪೆಯನ್ನು, ಇನ್ನೂ ಯಾರೂ ವಾಸವಿಲ್ಲದ ಹೊಸ ಬಿರುಕಿನ ಬಾಗಿಲಲ್ಲಿ ತಂದು ಸುರಿಯುತ್ತವೆ. ಎಂಟೊಂಬತ್ತು ದಿನ ಕಳೆದ ಮೇಲೆ ಮೊಟ್ಟೆ ಮರಿ ಎತ್ತಿಕೊಂಡು ಸಂಸಾರ ಹೊರಡುತ್ತದೆ. ಕಸ ಮೊದಲು, ಮನೆ ಆಮೇಲೆ. ಯಾಕೆ ಹೀಗೆ ಎಂದು ಮೇಡಂಗೆ ಗೊತ್ತಿರಲಿಲ್ಲ. ಹೀಗೇ ಎಂಬುದು ಮಾತ್ರ ಗೊತ್ತಿತ್ತು.

ಕಾಲೇಜಿನ ಹೊರಗೆ ಇದು ಗೊತ್ತಿದ್ದವರು ಮೇಡಂ ಅವರ ಅಕ್ಕ ಒಬ್ಬರೇ. ಅಕ್ಕತಂಗಿಯರದು ಒಂದೇ ಮನೆ. ಮುಂದಿನ ಕೋಣೆಯಲ್ಲಿ ಅಕ್ಕನ ಹೊಲಿಗೆ ಮಿಷನ್ನು, ಹಿಂದಿನ ಕೋಣೆಯಲ್ಲಿ ತಂಗಿಯ ಪುಸ್ತಕಗಳು.

“ಅಷ್ಟೊಂದು ನೋಡಿದೀಯ, ಅದನ್ನ ಬರೆದು ಅಚ್ಚು ಹಾಕಿಸ್ಬಾರ್ದೇನೇ?” ಎಂದು ಅಕ್ಕ ವರ್ಷಕ್ಕೆರಡು ಸಲ ಕೇಳುವುದು.

“ಹಾಕಿಸ್ತೀನಿ ಅಕ್ಕಾ, ಇನ್ನೊಂದು ವರ್ಷ ನೋಡ್ಬಿಡ್ತೀನಿ.”

“ನೀನು ಚಿಕ್ಕೋಳಿದ್ದಾಗ ನವಿಲುಗರಿ ಪುಸ್ತಕದೊಳಗಿಟ್ಟು ಮರಿ ಹಾಕುತ್ತೆ ಅಂತ ಕಾಯ್ತಿದ್ದೆ. ಈಗ್ಲೂ ಅದೇ ಬುದ್ಧಿ.”

ಮೇಡಂ ಸುಮ್ಮನೆ ಕಾಯುತ್ತಿರಲಿಲ್ಲ, ಹೆದರಿ ಕಾಯುತ್ತಿದ್ದರು. ಹದಿನೈದು ವರ್ಷದ ಹಿಂದೆ ಒಂದು ಜರ್ನಲ್ಲಿನಲ್ಲಿ ಅವರದೊಂದು ಎರಡು ಪುಟದ ಬರಹ ಬಂದಿತ್ತು. ಅದರಲ್ಲಿ ಒಂದು ಇರುವೆಯ ಜಾತಿಯನ್ನು ತಪ್ಪಾಗಿ ಗುರುತಿಸಿದ್ದರು. ಮುಂದಿನ ಸಂಚಿಕೆಯಲ್ಲಿ ಯಾರೋ ಪುಣ್ಯಾತ್ಮ ನಾಲ್ಕು ಸಾಲು ಬರೆದು ಅದನ್ನು ಎತ್ತಿ ತೋರಿಸಿದ. ಬಯ್ಗುಳವಿಲ್ಲ, ವ್ಯಂಗ್ಯವಿಲ್ಲ, ಬರೀ ನಾಲ್ಕು ಸಾಲು. ಆ ನಾಲ್ಕು ಸಾಲು ಮೇಡಂಗೆ ಇವತ್ತಿಗೂ ಬಾಯಿಪಾಠ.

ಅವರ ಕೈಕೆಳಗೆ ಅದೇ ಇರುವೆಗಳ ಮೇಲೆ ಸಂಶೋಧನೆ ಮಾಡುತ್ತಿದ್ದವಳು ಒಬ್ಬಳೇ. ಮೂವತ್ತು ದಾಟಿದ ಹೆಣ್ಣುಮಗಳು, ಮನೆಯಲ್ಲಿ ಗಂಡ, ಎರಡು ವರ್ಷದ ಮಗು. ಕಾಲೇಜಿನವರು ಅವಳನ್ನು ಮರಿ ಇರುವೆ ಎನ್ನುತ್ತಿದ್ದರು. ಒಂದು ಪೇಪರಾದರೂ ಜರ್ನಲ್ಲಿನಲ್ಲಿ ಒಪ್ಪಿಗೆಯಾಗದ ಹೊರತು ಪ್ರಬಂಧವನ್ನು ಮುಟ್ಟುವುದೇ ಇಲ್ಲ ಎಂಬುದು ವಿಶ್ವವಿದ್ಯಾಲಯದ ನಿಯಮ, ಅವಳಿಗಿದ್ದ ಗಡುವು ವರ್ಷದ ಕೊನೆ. ಹಾಗಾಗಿ ಮೂರು ತಿಂಗಳಿಗೊಮ್ಮೆ ಅವಳೂ ಬಂದು ಕೈ ಹಿಸುಕಿಕೊಂಡು ನಿಲ್ಲುವುದು, ಮೇಡಂ “ಇನ್ನೊಂದ್ ಸ್ವಲ್ಪ ನೋಡೋಣಮ್ಮ” ಎನ್ನುವುದು ನಡೆದೇ ಇತ್ತು.

ಹೀಗಿರುವಾಗ ಒಂದು ಗುರುವಾರ ಬೆಳಿಗ್ಗೆ ಮೇಡಂ ತಮ್ಮ ಹಳೇ ಮೇಲ್ ತೆರೆದರು. ಕಾಲೇಜು ಎಲ್ಲರಿಗೂ ಹೊಸ ವಿಳಾಸ ಮಾಡಿಕೊಟ್ಟು ನಾಲ್ಕು ವರ್ಷವಾಗಿದ್ದರೂ, ಅದರ ತುಂಬ ಬರೀ ಸುತ್ತೋಲೆ ಎಂದು ಮೇಡಂ ಅತ್ತ ತಲೆ ಹಾಕಿರಲಿಲ್ಲ. ಹಳೆಯದಕ್ಕೆ ಆ ಹದಿನೈದು ವರ್ಷದ ಹಿಂದಿನ ಜರ್ನಲ್ಲಿನಿಂದಲೇ ಪತ್ರ ಬಂದಿತ್ತು: ನಿಮ್ಮ ವಿಷಯಕ್ಕೆ ಸೇರಿದ ಪೇಪರೊಂದು ಬಂದಿದೆ, ಪರಿಶೀಲಿಸಿ ಕೊಡುವಿರಾ? ಆ ಜರ್ನಲ್ಲಿನಲ್ಲಿ ಬರೆದವರು ಯಾರೆಂದು ಓದುವವರಿಗೆ ಹೇಳುವುದಿಲ್ಲ, ಓದಿದವರು ಯಾರೆಂದು ಬರೆದವರಿಗೆ ಹೇಳುವುದಿಲ್ಲ, ನಡುವೆ ಪರದೆ. ಜೊತೆಗೆ, ಓದಿದ್ದನ್ನು ಯಾರ ಮುಂದೆಯೂ ಬಾಯಿ ಬಿಡಕೂಡದು ಎಂಬ ಕಟ್ಟುಪಾಡು.

ಮೇಡಂ ಒಪ್ಪಿಕೊಂಡು ಪೇಪರನ್ನು ಇಳಿಸಿಕೊಂಡರು. ಮೊದಲ ಪುಟದ ಮೊದಲ ವಾಕ್ಯ ಓದಿ ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡು ಓದಿದರು. ವಾಕ್ಯ ಬದಲಾಗಿರಲಿಲ್ಲ. ಗೋಡೆಯ ಬಿರುಕಿನಲ್ಲಿ ವಾಸಿಸುವ ಇರುವೆಗಳು ಗೂಡು ಬದಲಿಸುವ ಎಂಟರಿಂದ ಹತ್ತು ದಿನ ಮೊದಲು ಕಸದ ಜಾಗವನ್ನು ಬದಲಿಸುತ್ತವೆ.

‘ಸರಿ, ಲೋಕದಲ್ಲಿ ಗೋಡೆಗೇನು ಬರ, ಇರುವೆಗೇನು ಬರ? ಇನ್ಯಾರೋ ನೋಡಿರಬಹುದು’ ಎಂದು ಸಮಾಧಾನ ಮಾಡಿಕೊಳ್ಳುತ್ತಾ ಮುಂದಕ್ಕೆ ಹೋದರು. ಮೂರನೇ ಪುಟದಲ್ಲಿ ಕೋಷ್ಟಕ ಬಂತು. ಒಂದು, ಎರಡು, ಮೂರು ಎಂದು ಗೂಡುಗಳ ಪಟ್ಟಿ. ಹದಿನಾರರ ಕೆಳಗೆ ಹದಿನೆಂಟು! ಹದಿನೇಳು ಇಲ್ಲ. ಮೇಡಂ ಅವರ ಗೋಡೆಯಲ್ಲೂ ಹದಿನೇಳು ಇರಲಿಲ್ಲ. ಎರಡನೇ ವರ್ಷ ರಿಪೇರಿಗೆ ಬಂದ ಗಾರೆಯವನು ಅದರ ಮೇಲೆ ಸಿಮೆಂಟು ಬಳಿದು ಹೋಗಿದ್ದ. ಆಮೇಲೆ ಆ ನಂಬರನ್ನು ಬೇರೆ ಗೂಡಿಗೆ ಕೊಡಲು ಮೇಡಂಗೆ ಮನಸ್ಸು ಬಂದಿರಲಿಲ್ಲ.

ಇದು ಇನ್ಯಾರೋ ನೋಡಿದ ಇನ್ಯಾವುದೋ ಗೋಡೆಯಲ್ಲ. ಇದು ತನ್ನ ಗೋಡೆ, ತನ್ನ ನೋಟ್‌ಬುಕ್ಕು, ತನ್ನ ಹನ್ನೊಂದು ವರ್ಷ. ಯಾರೋ ಎತ್ತಿಕೊಂಡು ಹೋಗಿದ್ದಾರೆ, ಎತ್ತಿಕೊಂಡು ಹೋಗಿ ತನ್ನನ್ನೇ ‘ಚೆನ್ನಾಗಿದೆಯಾ ನೋಡಿ’ ಎಂದು ಕೇಳುತ್ತಿದ್ದಾರೆ.

ನೋಟ್‌ಬುಕ್ಕುಗಳು ಇರುವುದು ಪ್ರಯೋಗಾಲಯದ ಕಬ್ಬಿಣದ ಬೀರುವಿನಲ್ಲಿ. ಅದರ ಒಂದು ಬೀಗದ ಕೈ ಮೇಡಂ ಹತ್ತಿರ, ಇನ್ನೊಂದು ಅದೇ ಬೀರುವಿನಲ್ಲಿ ತಮ್ಮ ಜೇಡಗಳ ಸೀಸೆಗಳನ್ನಿಡುವ ಸಹೋದ್ಯೋಗಿ, ಜೇಡದ ಮೇಷ್ಟ್ರ ಹತ್ತಿರ. ಇಪ್ಪತ್ತು ವರ್ಷದ ಸ್ನೇಹ, ದಿನಾ ಒಟ್ಟಿಗೆ ಚಹಾ. ಆದರೂ ಅನುಮಾನ ಎನ್ನುವುದು ಹತ್ತಿರದವರ ಮನೆಗೇ ಮೊದಲು ಹೋಗುತ್ತದೆ. ಮರಿ ಇರುವೆಯ ಮುಖವೂ ಒಂದು ಗಳಿಗೆ ಕಣ್ಣ ಮುಂದೆ ಬಂತು, ಮೇಡಂ ಅದನ್ನು ಬಾಗಿಲಲ್ಲೇ ತಡೆದು ವಾಪಸ್ಸು ಕಳಿಸಿದರು. ‘ಛೆ, ಆ ಹುಡುಗಿಯೇ? ಪೆನ್ನು ತಗೊಳ್ಳೋಕೂ ಮೂರು ಸಲ ಕೇಳ್ತಾಳೆ.’

ಚಹಾ ಹೊತ್ತಿಗೆ ಮೇಡಂ ಶುರು ಮಾಡಿದರು. ಬಾಯಿ ಬಿಡುವಂತಿಲ್ಲ, ಬಿಡದೆ ಇರಲಾಗುತ್ತಿಲ್ಲ.

“ಮೇಷ್ಟ್ರೇ, ಇತ್ತೀಚೆಗೆ ಏನಾದ್ರೂ ಬರೆದು ಕಳ್ಸಿದ್ರಾ?”

“ಏನನ್ನ?”

“ಏನೋ. ಎಲ್ಲಿಗೋ.”

“ಏನೋ, ಎಲ್ಲಿಗೋ ಅಂದ್ರೆ ನಾನೇನು ಹೇಳ್ಲಿ ಮೇಡಂ? ಕರೆಂಟ್ ಬಿಲ್ಲು ತಪ್ಪು ಬಂದಿದೆ ಅಂತ ಬರೆದು ಕಳ್ಸಿದೆ. ಅದಾ?”

“ಬೀರು ತೆಗೀತೀರಲ್ಲ, ನನ್ನ ನೋಟ್‌ಬುಕ್ಕು ಯಾವತ್ತಾದ್ರೂ ನೋಡಿದೀರಾ?”

ಮೇಷ್ಟ್ರು ಲೋಟ ಕೆಳಗಿಟ್ಟರು. “ನನ್ನ ಜೇಡಗಳೇ ನನ್ನ ಮಾತು ಕೇಳಲ್ಲ, ನಿಮ್ಮ ಇರುವೆ ಕಟ್ಕೊಂಡು ನಾನೇನ್ ಮಾಡ್ಲಿ? ಏನಾಯ್ತು, ಸರಿಯಾಗಿ ಹೇಳಿ.”

“ಹೇಳೋ ಹಾಗಿಲ್ಲ.”

“ಹೇಳೋ ಹಾಗಿಲ್ದೇ ಇರೋದನ್ನ ಕೇಳೋದ್ಯಾಕೆ?”

“ಸುಮ್ನೆ ಇಟ್ಕೊಳ್ಳಿ. ಒಬ್ಬರ ಕೆಲಸ ಇನ್ನೊಬ್ಬರು ತಮ್ಮದು ಅಂತ ಅಚ್ಚು ಹಾಕ್ಸೋಕೆ ಹೊರಟ್ರೆ, ಮೊದಲನೆಯವರು ಏನ್ ಮಾಡ್ಬೇಕು?”

“ಮೊದಲನೆಯವರು ಎಲ್ಲಾದ್ರೂ ಅಚ್ಚು ಹಾಕ್ಸಿದಾರಾ?”

“ಇಲ್ಲ.”

“ಹಾಗಾದ್ರೆ ಅವರು ಮೊದಲನೆಯವರು ಅಂತ ಯಾರು ಹೇಳಿದ್ರು?” ಮೇಷ್ಟ್ರು ನಕ್ಕರು. “ನೋಡಿ ಮೇಡಂ, ನಮ್ಮ ಕಸುಬಲ್ಲಿ ಅಚ್ಚಾದ ತಾರೀಖೇ ಹುಟ್ಟಿದ ತಾರೀಖು. ಹೊಟ್ಟೇಲಿಟ್ಕೊಂಡು ಹನ್ನೊಂದು ವರ್ಷ ಓಡಾಡಿದ್ರೆ ಯಾರೂ ನಾಮಕರಣಕ್ಕೆ ಬರಲ್ಲ.”

ಹನ್ನೊಂದು ಎಂದರಲ್ಲ! ಇವರಿಗೆ ಹೇಗೆ ಗೊತ್ತು? ಮರುಕ್ಷಣವೇ, ಹನ್ನೊಂದು ವರ್ಷ ಇಡೀ ಕಾಲೇಜಿಗೇ ಗೊತ್ತು ಎಂಬುದು ನೆನಪಾಯಿತು. ಮೇಡಂಗೆ ಚಹಾ ಬಿಸಿಯೋ ತಣ್ಣಗೋ ಅದೂ ತಿಳಿಯಲಿಲ್ಲ.

ಮೂರು ದಿನ ಹೀಗೇ ಕಳೆಯಿತು. ಪೇಪರು ಚೆನ್ನಾಗಿದೆ ಎಂದು ಬರೆದರೆ ಕಳ್ಳನಿಗೆ ಹಾರ ಹಾಕಿದಂತೆ. ಚೆನ್ನಾಗಿಲ್ಲ ಎಂದು ಬರೆದರೆ ತನ್ನ ಹನ್ನೊಂದು ವರ್ಷಕ್ಕೆ ತಾನೇ ಮಸಿ ಬಳಿದಂತೆ. ಇದು ನನ್ನದು ಎಂದು ಸಂಪಾದಕರಿಗೆ ಬರೆದರೆ ಸಾಕ್ಷಿ ಕೇಳುತ್ತಾರೆ. ಸಾಕ್ಷಿಯೆಂದರೆ ಕೈಬರಹದ ನೋಟ್‌ಬುಕ್ಕು, ಮೊನ್ನೆ ಕೂತು ಬರೆದದ್ದಲ್ಲ ಎಂದು ಯಾರು ನಂಬಬೇಕು? ಇರುವೆಗಳೇನು ಬಂದು ಹೇಳುತ್ತವೆಯೇ? ಇದರ ಮೇಲೆ ಇನ್ನೊಂದು ಸಂಕಟ: ಪೇಪರು ನಿಜವಾಗಿಯೂ ಚೆನ್ನಾಗಿತ್ತು. ಮೇಡಂ ಅದನ್ನು ನಾಲ್ಕು ಸಲ ಓದಿದರು. ತಮಗೆ ಯಾವತ್ತೂ ಕೈಗೆ ಸಿಗದಿದ್ದ ಮಾತುಗಳು ಅಲ್ಲಿ ಸಾಲಾಗಿ, ಇರುವೆಗಳ ಹಾಗೆಯೇ, ನಡೆದು ಹೋಗುತ್ತಿದ್ದವು. ‘ಕದ್ದವರು ಯಾರೇ ಇರ್ಲಿ, ಅವರಿಗೆ ಇರುವೆ ಅಂದ್ರೆ ಪ್ರೀತಿ’ ಅನಿಸಿತು. ಹಾಗನಿಸಿದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

ಭಾನುವಾರ ಬೆಳಿಗ್ಗೆ ಊಟದ ಮೇಜಿನ ಮೇಲೆ ಕಂಪ್ಯೂಟರ್ ಇಟ್ಟುಕೊಂಡು ಕೂತರು. ಮುಂದಿನ ಕೋಣೆಯಲ್ಲಿ ಅಕ್ಕನ ಮಿಷನ್ನು, ಇಲ್ಲಿ ಮೇಡಂ ಬೆರಳು. ಒಂದನೇ ತಕರಾರು, ಎರಡನೇ ತಕರಾರು, ಮೂರನೆಯದು.

“ಯಾರಿಗೇ ಹಾಗೆ ಬೈತಿದೀಯ?” ಅಕ್ಕ ಮಿಷನ್ನು ನಿಲ್ಲಿಸಿ ಕೇಳಿದರು.

“ಬೈತಿಲ್ಲ. ಪ್ರಶ್ನೆ ಕೇಳ್ತಿದೀನಿ.”

“ಕುಟ್ಟೋ ಸದ್ದು ಕೇಳಿದ್ರೆ ಹಾಗನ್ಸಲ್ಲ. ಮೆಣಸು ಕುಟ್ಟಿದ ಹಾಗಿದೆ.”

ಹದಿಮೂರು ತಕರಾರಾಯಿತು. ಒಂದೇ ಗೋಡೆ ನೋಡಿ ಲೋಕದ ಇರುವೆಗಳ ಬಗ್ಗೆ ಮಾತಾಡುವುದೇಕೆ? ಊಟದ ಹೊತ್ತಿನಲ್ಲಿ ಮಾತ್ರ ನೋಡಿದರೆ ಬೆಳಗಿನ ಕಥೆಯೇನು? ಐದನೆಯದು ಎಲ್ಲಕ್ಕಿಂತ ಹರಿತವಾಗಿತ್ತು: ಭಾನುವಾರ ಕಾಲೇಜಿಗೆ ರಜ, ಹಾಗಾಗಿ ಭಾನುವಾರದ ಎಣಿಕೆಯನ್ನು ಶನಿವಾರ ಸೋಮವಾರದ ಅಂಕಿ ನೋಡಿ ಅಂದಾಜಿನಲ್ಲಿ ತುಂಬಲಾಗಿದೆ, ಇದು ಎಣಿಕೆಯಲ್ಲ, ಕಲ್ಪನೆ. ಈ ತಪ್ಪನ್ನು ಹನ್ನೊಂದು ವರ್ಷದಿಂದ ಮಾಡುತ್ತ ಬಂದವರಿಗಲ್ಲದೆ ಇನ್ಯಾರಿಗೂ ಇದು ಕಣ್ಣಿಗೆ ಬೀಳುತ್ತಿರಲಿಲ್ಲ. ಕೊನೆಯಲ್ಲಿ ‘ಪ್ರಕಟಣೆಗೆ ಯೋಗ್ಯವಲ್ಲ’ ಎಂಬ ಚೌಕಕ್ಕೆ ಗುರುತು ಹಾಕಿ ಕಳಿಸಿದರು. ಕಳಿಸಿದ ಮೇಲೆ ಹಗುರವಾಗಬೇಕಿತ್ತು. ಆಗಲಿಲ್ಲ.

ಮೂರು ವಾರ ಕಳೆದು ಮರಿ ಇರುವೆ ಮೇಡಂ ಕೋಣೆಗೆ ಬಂದಳು. ಕಣ್ಣು ಕೆಂಪಾಗಿತ್ತು, ಕೈಯಲ್ಲಿ ಎರಡು ಹಾಳೆ.

“ಮೇಡಂ, ಬೈಬೇಡಿ. ನಾನೊಂದು ತಪ್ಪು ಮಾಡಿದೀನೋ ಇಲ್ವೋ ಗೊತ್ತಾಗ್ತಿಲ್ಲ.”

“ಕೂತ್ಕೋ. ಮಗು ಹುಷಾರಾಗಿದೆಯಾ?”

“ಮಗು ಚೆನ್ನಾಗಿದೆ. ಪೇಪರ್ ಹೋಯ್ತು.”

“ಯಾವ ಪೇಪರು?”

“ನಮ್ಮ ಪೇಪರು ಮೇಡಂ! ಕಸದ್ದು.” ಅವಳು ಕಣ್ಣೊರೆಸಿಕೊಂಡಳು. “ಹೋದ ವರ್ಷ ನೀವು ಕೋಷ್ಟಕ ಮಾಡು ಅಂತ ನೋಟ್‌ಬುಕ್ಕು ಕೊಟ್ಟಿದ್ರಲ್ಲ. ಬರೆದು ನಿಮ್ಮ ಮೇಜಿನ ಮೇಲೆ ಇಟ್ಟು ಎಂಟು ತಿಂಗಳಾಯ್ತು. ನೀವು ನೋಡ್ಲಿಲ್ಲ. ಒಂದಿನ ಗೋಡೆ ಹತ್ರ ಬಂದು, ಮೇಡಂ ಕಳಿಸ್ಬಿಡ್ಲಾ ಅಂತ ಕೇಳ್ದೆ. ಹ್ಞೂಂ ಅಂದ್ರಿ.”

“ಗೋಡೆ ಹತ್ರ? ಎಷ್ಟು ಹೊತ್ತಲ್ಲಿ?”

“ಒಂದು ಗಂಟೆ ಇರ್ಬೇಕು.”

ಮೇಡಂ ಹಣೆಗೆ ಕೈಯಿಟ್ಟುಕೊಂಡರು. ನೋಟ್‌ಬುಕ್ಕು ಕೊಟ್ಟದ್ದೂ ಈಗಷ್ಟೇ ನೆನಪಾಯಿತು. ಎಣಿಸುವಾಗ ಯಾರೇನು ಕೇಳಿದರೂ ಅವರ ಬಾಯಿಂದ ಬರುವುದು ಹ್ಞೂಂ ಒಂದೇ. ಬೇರೆ ಮಾತಾಡಿದರೆ ಲೆಕ್ಕ ತಪ್ಪುತ್ತದೆ. ಹೀಗೇ ಒಂದು ಸಲ ಕಾಲೇಜಿನ ನಾಟಕದಲ್ಲಿ ರಾಣಿ ಪಾತ್ರಕ್ಕೂ ಹ್ಞೂಂ ಅಂದುಬಿಟ್ಟಿದ್ದರು. ತಿರುಗಿ ಮೇಜು ನೋಡಿದರು. ಶಂಖದ ಹುಳುವಿನ ಸೀಸೆಯ ಕೆಳಗೆ ಒಂದು ಹಾಳೆಯ ಕಟ್ಟು, ಮೇಲೆ ಸೀಸೆಯ ದುಂಡು ಕಲೆ.

“ನಿಮ್ಮ ಹೆಸರೇ ಮೊದಲು ಹಾಕಿದೀನಿ ಮೇಡಂ. ಕಾಲೇಜಿನ ಮೇಲ್ ವಿಳಾಸವೂ ಕೊಟ್ಟಿದೀನಿ, ಅವರು ನಿಮಗೂ ಪತ್ರ ಹಾಕಿರ್ತಾರೆ. ಒಬ್ರು ರಿವ್ಯೂವರ್ ಚೆನ್ನಾಗಿದೆ ಅಂದಿದಾರೆ. ಎರಡನೆಯವನು ಇದಾನಲ್ಲ... ಯಾವ ಜನ್ಮದ ರಾಕ್ಷಸನೋ! ಕೇಳಿ: ‘ಬರೆದವರಿಗೆ ಇರುವೆಗಳಿಗಿಂತ ತಮ್ಮ ಆತುರವೇ ಹೆಚ್ಚು ಕಂಡಿದೆ.’”

ಆ ವಾಕ್ಯ ಬರೆದಾಗ ಮೇಡಂಗೆ ತಮ್ಮ ಬಗ್ಗೆ ತಮಗೇ ಮೆಚ್ಚುಗೆಯಾಗಿದ್ದು ನೆನಪಿತ್ತು.

“ಹದಿಮೂರು ಹಾಕಿದಾನೆ ಮೇಡಂ. ಹದಿಮೂರು! ಹೆಂಡ್ತಿ ಹತ್ರ ಜಗಳ ಆಡ್ಕೊಂಡು ಬಂದು ಬರೆದಿದಾನೆ.”

“ಹೆಂಡ್ತಿ ಇಲ್ಲ,” ಎಂದರು ಮೇಡಂ. “ಅಕ್ಕ ಇದಾಳೆ.”

ಮರಿ ಇರುವೆ ಬಾಯಿ ತೆರೆದವಳು ಹಾಗೇ ಇದ್ದಳು.

“ಆ ರಾಕ್ಷಸ ನಾನೇ ಕಣಮ್ಮ.”

ಹಳೇ ವಿಳಾಸ, ಹೊಸ ವಿಳಾಸ, ಜರ್ನಲ್ಲಿನ ಕಂಪ್ಯೂಟರಿಗೆ ವಿಳಾಸವೇ ಮನುಷ್ಯ, ಹಾಗಾಗಿ ಒಬ್ಬರೇ ಇಬ್ಬರಾದದ್ದು, ಇರುವೆ ಬಲ್ಲವರು ಯಾರೆಂದು ಅದು ಹುಡುಕಿದಾಗ ಹದಿನೈದು ವರ್ಷದ ಹಿಂದಿನ ಮೇಡಂ ಸಿಕ್ಕಿದ್ದು, ಎಲ್ಲವನ್ನೂ ಬಿಡಿಸಿ ಹೇಳಲು ಅರ್ಧ ಗಂಟೆ ಬೇಕಾಯಿತು. ಹೇಳುವವರಿಗೇ ನಡುವೆ ಗೋಜಲಾಗುತ್ತಿತ್ತು. ಮರಿ ಇರುವೆ ಮೊದಲು ನಕ್ಕಳು, ಆಮೇಲೆ ಅತ್ತಳು, ಆಮೇಲೆ ಒಮ್ಮೆಲೇ ನಿಂತಳು.

“ನಾನು ಕದ್ದೆ ಅಂದ್ಕೊಂಡ್ರಾ ಮೇಡಂ?”

“ನೀನು ಅಂತ ಅಂದ್ಕೊಳ್ಳಲಿಲ್ಲ. ಯಾರೋ ಅಂದ್ಕೊಂಡೆ.”

“ಯಾರೋ ಅಂದ್ರೆ ನಾನೇ ಅಲ್ವಾ?”

ಮೇಡಂ ಸೀಸೆಯ ಕೆಳಗಿನ ಕಟ್ಟನ್ನು ಎಳೆದುಕೊಂಡರು. ಕದ್ದದ್ದು ಯಾರು, ಕಳೆದುಕೊಂಡದ್ದು ಯಾರು, ಒಂದು ಹ್ಞೂಂ ನಂಬಿ ಕಳಿಸಿದ್ದು ತಪ್ಪೋ, ಕೇಳಿದ್ದನ್ನು ಕೇಳಿಸಿಕೊಳ್ಳದ್ದು ತಪ್ಪೋ. ವರ್ಷದ ಕೊನೆಗೆ ಇನ್ನು ನಾಲ್ಕೂವರೆ ತಿಂಗಳು. ತಾವು ತಿರಸ್ಕರಿಸಿದ್ದು ಈ ಹುಡುಗಿಯ ಪ್ರಬಂಧವನ್ನು, ತಮ್ಮ ಹನ್ನೊಂದು ವರ್ಷವನ್ನು, ಎರಡನ್ನೂ ಒಂದೇ ಏಟಿಗೆ.

ಅಂದೇ ಸಂಪಾದಕರಿಗೆ ಪತ್ರ ಬರೆದರು: ನಾನು ಈ ಪೇಪರಿನ ಲೇಖಕಿ. ಎರಡನೇ ಪರಿಶೀಲಕಿಯೂ ನಾನೇ. ನನ್ನ ಕೆಲಸ ಕಳುವಾಗಿದೆಯೆಂದು ತಿಳಿದು ಸಿಟ್ಟಿನಲ್ಲಿ ಬರೆದೆ, ಅನುಮಾನ ಬಂದಾಗಲೇ ನಿಮಗೆ ತಿಳಿಸಬೇಕಿತ್ತು, ತಪ್ಪಾಯಿತು. ಆದರೂ ಹದಿಮೂರರಲ್ಲಿ ನಾಲ್ಕು ನಿಜ.

ಬಂದ ಉತ್ತರ ಹೀಗಿತ್ತು: ತಾವು ಯಾವ ನೆಲೆಯಲ್ಲಿ ಬರೆಯುತ್ತಿದ್ದೀರೆಂದು ನಮ್ಮ ಕಚೇರಿಗೆ ತಿಳಿಯುತ್ತಿಲ್ಲ, ದಯವಿಟ್ಟು ಲೇಖಕರಾಗಿಯೋ ಪರಿಶೀಲಕರಾಗಿಯೋ ನಮ್ಮ ಜಾಲತಾಣದ ಒಳಗೆ ಬನ್ನಿ.

“ಅಳಿಯ ಅಲ್ಲ, ಮಗಳ ಗಂಡ ಅಂದ ಹಾಗಾಯ್ತು,” ಎಂದರು ಜೇಡದ ಮೇಷ್ಟ್ರು. ಮೇಡಂ ಈಗ ಅವರಿಗೆ ಎಲ್ಲ ಹೇಳಿ ಕ್ಷಮೆ ಕೇಳಿದ್ದರು. “ಹೋಗ್ಲಿ ಬಿಡಿ ಮೇಡಂ. ನನ್ನ ಮೇಲೆ ಅನುಮಾನ ಪಡೋವಷ್ಟು ಒಳ್ಳೆ ಪೇಪರಾ ಅದು? ಹಾಗಾದ್ರೆ ನನಗೆ ಮರ್ಯಾದೇನೇ.”

ಮೇಡಂ ಹಾಕಿದ ಮೂರನೇ ಪತ್ರಕ್ಕೆ ಸಂಪಾದಕರೇ ಖುದ್ದಾಗಿ ಉತ್ತರ ಬರೆದರು. ಆ ಪರಿಶೀಲನೆಯನ್ನು ಲೆಕ್ಕದಿಂದ ತೆಗೆಯಲಾಗಿದೆ. ನಿಜವೆನಿಸಿದ ನಾಲ್ಕಕ್ಕೆ ಉತ್ತರ ಕೊಟ್ಟು, ಇಬ್ಬರೂ ಲೇಖಕರು ಒಪ್ಪಿಗೆ ಹಾಕಿ ಮತ್ತೆ ಕಳಿಸಿದರೆ ಹೊಸದಾಗಿ ನೋಡುತ್ತೇವೆ, ಎಂಟು ವಾರ ಹಿಡಿಯುತ್ತದೆ.

ಅಂದಿನಿಂದ ಹತ್ತು ದಿನ ಗುರು ಶಿಷ್ಯೆ ಎದುರುಬದುರು ಕೂತರು. ಮೂರು ತಕರಾರು ಸುಲಭಕ್ಕೆ ಮುಗಿದವು. ಐದನೆಯದು ಮುಗಿಯಲಿಲ್ಲ. ಹನ್ನೊಂದು ವರ್ಷದ ಭಾನುವಾರಗಳನ್ನು ಎಲ್ಲಿಂದ ತರುವುದು?

“ಒಂದು ವರ್ಷ ಭಾನುವಾರವೂ ಬಂದು ಎಣಿಸ್ಬಿಟ್ರೆ...” ಎಂದು ಮೇಡಂ ಶುರು ಮಾಡಿದರು. ಮರಿ ಇರುವೆ ತಲೆ ಎತ್ತಲಿಲ್ಲ. ಮೇಡಂ ಆ ಬಗ್ಗಿದ ತಲೆಯನ್ನು ನೋಡಿದರು. ಬೈತಲೆಯಲ್ಲಿ ಒಂದೆರಡು ಬಿಳಿ ಕೂದಲು ಬಂದಿದ್ದವು. ಇವು ಯಾವಾಗ ಬಂದವು?

“ಆ ಕಾಲಮ್ಮು ಅಳಿಸಿಬಿಡು,” ಎಂದರು. “ಭಾನುವಾರ ನೋಡಲಿಲ್ಲ ಅಂತ ಬರಿ. ನೋಡಲಿಲ್ಲ ಅಷ್ಟೆ.”

“ಯಾರಾದ್ರೂ ಕೇಳಿದ್ರೆ?”

“ಕೇಳ್ಲಿ. ನಾಲ್ಕು ಸಾಲು ಬರೆದು ಕೇಳ್ಲಿ.” ಮೇಡಂ ಆ ಕಾಲಮ್ಮಿನ ಮೇಲೆ ತಾವೇ ಗೆರೆ ಎಳೆದರು. “ಮತ್ತೆ ನಿನ್ನ ಹೆಸರು ಮೊದಲು ಹಾಕು. ಬರೆದೋಳು ನೀನು.”

“ನೋಡಿದೋರು ನೀವು ಮೇಡಂ.”

“ಓದಿದೋಳೂ ನಾನೇ, ಬೈದೋಳೂ ನಾನೇ. ಎಲ್ಲಾ ನಾನೇ ಆದ್ರೆ ನೀನ್ಯಾಕೆ? ಹಾಕು.”

ಕಳಿಸುವ ದಿನ ಸಂಜೆ ಕಂಪ್ಯೂಟರಿನ ಮುಂದೆ ಇಬ್ಬರೂ ಕೂತರು. ಪುಟದ ಮೇಲೆ ಪುಟ, ಪ್ರಶ್ನೆಯ ಮೇಲೆ ಪ್ರಶ್ನೆ. ಕೊನೆಯ ಪುಟದಲ್ಲಿ ಕೇಳಿದ್ದರು: ಈ ಪೇಪರನ್ನು ಯಾರಿಗೆ ಪರಿಶೀಲನೆಗೆ ಕೊಡಬಾರದು?

ಮರಿ ಇರುವೆ ಮೇಡಂ ಮುಖ ನೋಡಿದಳು. ಮೇಡಂ ಮುಂದಕ್ಕೆ ಬಾಗಿ ಒಂದೇ ಬೆರಳಿನಲ್ಲಿ ತಮ್ಮ ಹೆಸರು ಒತ್ತಿ, ಹಳೇ ವಿಳಾಸವನ್ನೂ ಒತ್ತಿದರು.

“ಕಾರಣ ಕೇಳ್ತಿದೆ ಮೇಡಂ. ನಾಲ್ಕರಲ್ಲಿ ಒಂದು ಆರಿಸ್ಬೇಕಂತೆ. ಲೇಖಕರ ಸಂಬಂಧಿ?”

“ಸಂಬಂಧಿ ಅಂದ್ರೆ... ಒಂಥರಾ ಹೌದು. ಮುಂದಿನ್ದು?”

“ಸಹೋದ್ಯೋಗಿ.”

“ಅದೂ ಹೌದು.”

“ಪ್ರತಿಸ್ಪರ್ಧಿ.”

ಮೇಡಂ ಆ ಪದದ ಮೇಲೆ ಬೆರಳಿಟ್ಟರು. “ಅದೇ ಹೆಚ್ಚು ಸರಿ ಅನ್ಸುತ್ತೆ. ಅಲ್ವಾ? ಅಥವಾ... ನಾಲ್ಕನೇದು ಏನು?”

“ಹಿಂದಿನ ವೈಮನಸ್ಯ.”

“ಅಯ್ಯೋ.”

“ಮೇಡಂ, ನನ್ನ ಬಸ್ಸು ಹೋಗುತ್ತೆ. ಮಗು ಎದ್ದಿರುತ್ತೆ. ಯಾವುದಾದ್ರೂ ಒಂದು ಒತ್ತಿ.”

ಮೇಡಂ ಕನ್ನಡಕ ಮೇಲಕ್ಕೇರಿಸಿ, ಸಂಬಂಧಿಯಿಂದ ವೈಮನಸ್ಯದವರೆಗೆ ಇನ್ನೊಂದು ಸಲ ಓದಿ, ಕಣ್ಣು ಮುಚ್ಚಿ ಒಂದನ್ನು ಒತ್ತಿದರು. ಕಣ್ಣು ತೆರೆಯುವಷ್ಟರಲ್ಲಿ ಪುಟ ಮಗುಚಿತ್ತು. ನಿಮ್ಮ ಪೇಪರು ನಮಗೆ ತಲುಪಿದೆ ಎಂದು ಹಸಿರು ಅಕ್ಷರದಲ್ಲಿ ಬಂತು.

“ಯಾವುದು ಒತ್ತಿದೆ ನಾನು?” ಎಂದು ಮೇಡಂ ಕೇಳಿದರು. ಮರಿ ಇರುವೆ ಆಗಲೇ ಚೀಲ ಹೆಗಲಿಗೇರಿಸಿ ಮೆಟ್ಟಿಲಿಳಿಯುತ್ತಿದ್ದಳು.